ಒಂದು ನೋಟಕ್ಕೆ ಒಂದು ಗಂಟು

ಸಾಮಾನ್ಯ ಶಕ 2203, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ, ಬೆಳಗಿನ ಗಂಜಿಯ ಹೊತ್ತು
ಬಂಡೆಸಾಲಿನ ಮೂರನೆಯ ತಂಗುದಾಣ

ವಿನುತಜ್ಜಿಗೆ ಪಂಪಾವತಿಯ ನಮಸ್ಕಾರಗಳು.

ಮೇಲಿನ ತಾರೀಖನ್ನು ಕಂಡು ತಪ್ಪು ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಓದಿದ್ದೇನೆ. ನಮಗೆ ಎರಡು. ಮೊದಲನೆಯದು ನೀವು ಬಲ್ಲದ್ದೇ. ಎರಡನೆಯದು ಮಳೆ ಇಂದು ಬಂದೀತು, ನಾಳೆ ಬಂದೀತು ಎಂದು ಮುಗಿಲು ನೋಡುತ್ತ ಕೂರುವ ಎರಡೂವರೆ ತಿಂಗಳು. ಅದನ್ನು ಎಷ್ಟು ದಿನ ಮಳೆಗಾಲವೆಂದು ಕರೆದು ಮೋಸಹೋಗುವುದು ಎಂದು ನಮ್ಮ ಹಿರಿಯರು ಅದಕ್ಕೆ ಬೇರೆ ಹೆಸರಿಟ್ಟು ಪಂಚಾಂಗದಲ್ಲಿ ಸೇರಿಸಿಬಿಟ್ಟರು. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾನು ಓದಿದ್ದು ಹಳೆಗಾಲದ ಸಾಹಿತ್ಯ. ನಮಗೆ ಹಳೆಗಾಲವೆಂದರೆ ನಿಮ್ಮ ಕಾಲ. ಆದ್ದರಿಂದ ನಿಮ್ಮಂತೆಯೇ ಬರೆಯಲು ಪ್ರಯತ್ನಿಸುತ್ತೇನೆ. ನಿಮ್ಮನ್ನು ಅಜ್ಜಿ ಎನ್ನಲು ಸಂಕೋಚವೂ ಆಗುತ್ತಿದೆ. ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ ಎನ್ನುವುದು ನಿಜ, ಆದರೆ ಈ ನೋಟ್‌ಬುಕ್ಕಿನಲ್ಲಿ ನಿಮಗೆ ಇಪ್ಪತ್ತೊಂಬತ್ತು ವರ್ಷ, ನನಗೆ ಇಪ್ಪತ್ತಮೂರು. ದಾರಿಯಲ್ಲಿ ಎದುರಾಗಿದ್ದರೆ ಅಕ್ಕಾ ಎನ್ನುತ್ತಿದ್ದೆ. ಅದೂ ಬಾಯಿಂದ ಹೊರಡುತ್ತಿತ್ತೋ ಇಲ್ಲವೋ. ನಾನು ಎದುರಿಗೆ ಬಂದವರನ್ನು ಮಾತನಾಡಿಸುವವಳಲ್ಲ, ಅವರು ದಾಟಿಹೋದ ಮೇಲೆ ಅವರ ಚಪ್ಪಲಿ ಎಷ್ಟು ಸವೆದಿತ್ತು ಎಂದು ನೆನೆಯುವವಳು.

ನಿಮ್ಮ ನೋಟ್‌ಬುಕ್ ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದಿದೆ. ಅದರಲ್ಲಿ ಹೆಚ್ಚಾಗಿರುವುದು ಅಡುಗೆಯ ಮಾತು, ಶಾಲೆಯ ಮಕ್ಕಳ ಗಲಾಟೆ, ನಿಮ್ಮ ಸೊಂಟನೋವು. ಆದರೆ 2025ರ ಫೆಬ್ರುವರಿ 16ರ ಭಾನುವಾರದ ಪುಟವನ್ನು ನಾನು ಬಾಯಿಪಾಠ ಮಾಡಿದ್ದೇನೆ. ಅಂದು ನೀವು ಮತ್ತು ನಿಮ್ಮ ಯಜಮಾನರು ಕೊಟ್ರೇಶಪ್ಪನವರು ಸಫಾರಿಗೆ ಹೋದಿರಿ. ಇದೇ ಬಂಡೆಸಾಲಿಗೆ. ಮಧ್ಯಾಹ್ನ ಒಗ್ಗರಣೆ ಮಿರ್ಚಿ ತಿಂದಿರಿ. ಮಿರ್ಚಿ ಆರಿತ್ತು, ಹಿಟ್ಟು ದಪ್ಪವಾಗಿತ್ತು ಎಂದು ಐದು ಸಾಲು ಬರೆದಿದ್ದೀರಿ. ಆಮೇಲೆ ವೀಕ್ಷಣಾ ಗೋಪುರ ಹತ್ತಿ ಒಂದು ಗಂಟೆಯಲ್ಲಿ ಏಳು ಕರಡಿ ನೋಡಿದಿರಿ. ಅದಕ್ಕೆ ಒಂದೇ ಸಾಲು: "ಏಳು ಬಂದವು, ದೂರ ಇದ್ದವು, ಫೋಟೋ ಸರಿಯಾಗಿ ಬರಲಿಲ್ಲ."

ವಿನುತಜ್ಜಿ, ಏಳು ಕರಡಿ. ಒಂದು ಸಂಜೆಗೆ. ಮಿರ್ಚಿಗೆ ಐದು ಸಾಲು, ಏಳು ಕರಡಿಗೆ ಒಂದು.

ಸುತ್ತಿ ಬಳಸದೆ ಹೇಳುತ್ತೇನೆ, ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ನಾನು ಪದವಿಗೆ ಬರೆದ ಪ್ರಬಂಧ ಕರಡಿಯ ವರ್ಣನೆಗಳ ಮೇಲೆ. ಹಳೆಯ ಪಠ್ಯಪುಸ್ತಕ, ಪ್ರವಾಸ ಬರಹ, ಮಕ್ಕಳ ಕಥೆ, ಅರಣ್ಯ ಇಲಾಖೆಯ ಫಲಕ ಎಲ್ಲದರಿಂದ ಇನ್ನೂರ ಹದಿನಾಲ್ಕು ವರ್ಣನೆಗಳನ್ನು ಹೆಕ್ಕಿ ಬರೆದೆ. ಕರಡಿಯ ಎದೆಯ ಮೇಲಿನ ಬಿಳಿ ಗುರುತು ಕುದುರೆ ಲಾಳದಂತೆ ಎಂದವರು ಎಷ್ಟು ಜನ, ಕುಡುಗೋಲಿನಂತೆ ಎಂದವರು ಎಷ್ಟು ಜನ ಎಂದು ನಾನು ಹೇಳಬಲ್ಲೆ. ಕರಡಿಯನ್ನು ಮಾತ್ರ ನೋಡಿಲ್ಲ. ನಮ್ಮ ಗುಡ್ಡಗಳಲ್ಲಿ ಈಗ ಹತ್ತೊಂಬತ್ತು ಇವೆ ಎನ್ನುತ್ತಾರೆ. ಎನ್ನುತ್ತಾರೆ ಅಷ್ಟೇ. ನೋಡುವಂತಿಲ್ಲ.

ನಿಮ್ಮ ಪುಟ ಅಲ್ಲಿಗೆ ಮುಗಿಯುವುದಿಲ್ಲ. ಗೋಪುರ ಇಳಿದ ಮೇಲೆ ನಿಮ್ಮ ಗೈಡು, ಹತ್ತಿರದಲ್ಲೇ ಗಾಯಗೊಂಡ ಪ್ರಾಣಿಗಳ ಪುನರ್ವಸತಿ ಕೇಂದ್ರವಿದೆ, ನೋಡುತ್ತೀರಾ ಎಂದು ಕೇಳಿದ. ನೀವು ಆಡಿದ ಮಾತನ್ನೆಲ್ಲ ಇದ್ದಂತೆಯೇ ಬರೆದಿದ್ದೀರಿ, ಅದಕ್ಕೆ ಋಣಿ. ಕೊಟ್ರೇಶಪ್ಪನವರು, "ಅಲ್ಲೇನ್ ನೋಡ್ತಿ? ಕುಂಟು ಕರಡಿ, ಕುರುಡು ನರಿ. ರಜಾದಿನ ದವಾಖಾನಿಗೆ ಬಂದಂಗ ಆಕ್ಕತಿ" ಎಂದರು. ನೀವು, "ಹತ್ರದಿಂದ ನೋಡಬಹುದಲ್ರೀ" ಎಂದಿರಿ. ಅವರು, "ನೀ ಬ್ಯಾನಿ ಬಿದ್ದಾಗ ಯಾರರ ಹತ್ರದಿಂದ ನೋಡಾಕ ಬಂದ್ರ ಸುಮ್ನಿರ್ತೀ ಏನು?" ಎಂದರು. ಗೈಡು ಗಡಿಯಾರ ನೋಡಿಕೊಂಡು, "ಮೇಡಮ್ಮಾರ, ಐದಕ್ಕ ಗೇಟ್ ಹಾಕ್ತಾರ, ಲಗೂನ ಹೇಳ್ರಿ" ಎಂದ. ಆಮೇಲೆ ನಿಮ್ಮ ಕೈಬರಹ ಸಣ್ಣದಾಗುತ್ತದೆ: "ನಮ್ಮನ್ನು ನೋಡಿ ಅವು ಹೆದರಿದರೆ? ಆದರೆ ಈಗ ನೋಡದಿದ್ದರೆ ಮತ್ತೆ ಯಾವಾಗ?" ಅಲ್ಲಿಗೆ ನಿಲ್ಲಿಸಿ, ಐದು ಹಾಳೆ ಖಾಲಿ ಬಿಟ್ಟಿದ್ದೀರಿ. ಆಮೇಲೆ ಬರೆಯೋಣವೆಂದು ಬಿಟ್ಟದ್ದಿರಬೇಕು. ಅವುಗಳ ನಂತರ ಸೋಮವಾರ. ಹಾಲು ಒಡೆದದ್ದು ಇದೆ. ಕರಡಿ ಇಲ್ಲ.

ನೀವು ಹೋದಿರೋ ಇಲ್ಲವೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಖಾಲಿ ಬಿಟ್ಟ ಆ ಹಾಳೆಗಳಲ್ಲೇ ಈಗ ಈ ಪತ್ರ ಬರೆಯುತ್ತಿದ್ದೇನೆ. ಇಂದು ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಅದೇ ಪ್ರಶ್ನೆಗೆ ನಾನೂ ಉತ್ತರ ಕೊಡಬೇಕಾಗಿದೆ.

ನಮ್ಮಲ್ಲೂ ಸಫಾರಿ ಎಂಬ ಪದ ಉಳಿದಿದೆ, ಅರ್ಥ ಬೇರೆಯಾಗಿದೆ. ನಾವು ಹನ್ನೊಂದು ಜನ ಮರೆಬಂಡಿಯಲ್ಲಿ ಕುಳಿತು ಮೂರು ದಿನ ಬಂಡೆಸಾಲನ್ನು ಸುತ್ತುತ್ತೇವೆ. ಮರೆಬಂಡಿ ಎಂದರೆ ನಾಲ್ಕು ಕಡೆಗೂ ಜೊಂಡಿನ ತಟ್ಟಿ ಕಟ್ಟಿದ, ಬಿಸಿಲಿನಿಂದ ನಡೆಯುವ, ಸದ್ದಿಲ್ಲದ ಗಾಡಿ. ಹೊರಡುವ ಒಂಬತ್ತು ದಿನ ಮೊದಲೇ ಸೋಪು, ಎಣ್ಣೆ, ಹೂವು ಬಿಡಬೇಕು. ಬಟ್ಟೆಗೆ ಹೊಂಗೆ ಎಲೆಯ ಹೊಗೆ ಹಾಕಬೇಕು. ಗುಡ್ಡದಲ್ಲಿ ಎಲ್ಲರೂ ಉಸಿರುಮಾತನ್ನೇ ಆಡಬೇಕು, ಅಂದರೆ ಗಂಟಲು ಅಲ್ಲಾಡದಂತೆ ಬರೀ ಉಸಿರಿನಲ್ಲಿ ಆಡುವ ಮಾತು. ನನಗೆ ಇಷ್ಟವಾದದ್ದು ಅದೊಂದೇ. ಹುಟ್ಟಿದಾಗಿನಿಂದ ಗಟ್ಟಿಯಾಗಿ ಮಾತಾಡು, ಕೇಳಿಸುವುದಿಲ್ಲ ಎಂದು ಬೈಸಿಕೊಂಡವಳಿಗೆ, ಎಲ್ಲರೂ ನನ್ನಷ್ಟೇ ಸಣ್ಣ ದನಿಗೆ ಇಳಿದದ್ದು ಹಬ್ಬದಂತಿತ್ತು. ಪ್ರಾಣಿಗಳನ್ನು ನಾವು ನೋಡುವುದಿಲ್ಲ, ಅವು ಇದ್ದುಹೋದದ್ದನ್ನು ನೋಡುತ್ತೇವೆ. ಮೊದಲ ದಿನ ಬೋರೆ ಬೀಜ ತುಂಬಿದ ಲದ್ದಿ ಸಿಕ್ಕಿತು. ಎರಡನೆಯ ದಿನ ಅತ್ತಿ ಮರದ ಮೇಲೆ ಉಗುರಿನ ಗೀರು, ಸಂಜೆ ಬಗೆದ ಹುತ್ತ. ಜನ ಬಗ್ಗಿ ನೋಡಿ, ಕೈಮುಗಿದಷ್ಟು ಗಂಭೀರವಾಗಿ ತಲೆಯಾಡಿಸಿ, ಬಂಡಿ ಹತ್ತುತ್ತಾರೆ. ನಮ್ಮನ್ನು ಕರೆದೊಯ್ಯುವವರು ಹುಲಿಗೆಪ್ಪಜ್ಜ. ಅರವತ್ತು ವರ್ಷ ಇದೇ ದಾರಿಯಲ್ಲಿ ನಡೆದವರು. ಬಗೆದ ಹುತ್ತದ ಮುಂದೆ ಅವರು, "ಹುತ್ತಕ್ಕ ಮೂತಿ ಇಟ್ಟು ಹೀರಾಕ ನಿಂತ್ರ ಅದರ ಸಪ್ಪಳ ಈ ಗುಡ್ಡದಿಂದ ಆ ಗುಡ್ಡಕ್ಕ ಕೇಳಿಸ್ತೈತಿ" ಎಂದರು. ಯಾರೋ, ಹೇಗಿರುತ್ತದೆ ಅಜ್ಜಾ ಆ ಸಪ್ಪಳ ಎಂದರು. "ಕೇಳಿದವರಿಗೆ ಗೊತ್ತು" ಎಂದು ಹುಲಿಗೆಪ್ಪಜ್ಜ ಬಂಡಿ ಏರಿಬಿಟ್ಟರು. ನನ್ನ ಇನ್ನೂರ ಹದಿನಾಲ್ಕು ವರ್ಣನೆಗಳಲ್ಲಿ ಒಂದರಲ್ಲೂ ಆ ಸಪ್ಪಳ ಇರಲಿಲ್ಲ ಎಂದು ನಾನು ಹಿಂದಿನ ಸೀಟಿನಲ್ಲಿ ಕುಳಿತು ಲೆಕ್ಕ ಹಾಕಿದೆ.

ನೀವು ಪುನರ್ವಸತಿ ಕೇಂದ್ರ ಎಂದು ಬರೆದಿದ್ದನ್ನು ನಾವು ಮರುಕಾಡು ಎನ್ನುತ್ತೇವೆ. ತಾಯಿ ಸತ್ತ ಮರಿಗಳು, ಕಾಲು ಮುರಿದವು, ಬಾವಿಗೆ ಬಿದ್ದವು ಅಲ್ಲಿಗೆ ಬರುತ್ತವೆ. ಎತ್ತರದ ಕಲ್ಲುಗೋಡೆಯೊಳಗೆ ಕಾಡಿನದೇ ಒಂದು ತುಂಡು. ಅಲ್ಲಿ ಪ್ರಾಣಿಗೆ ಕಲಿಸುವುದು ಒಂದೇ ಪಾಠ, ಮನುಷ್ಯರನ್ನು ಮರೆಯುವುದು. ಬಾಗಿಲಲ್ಲಿ ಪ್ರತಿ ಪ್ರಾಣಿಗೂ ಒಂದು ಕತ್ತಾಳೆ ಹಗ್ಗ ತೂಗುಹಾಕಿರುತ್ತಾರೆ. ಬಂದ ದಿನ ಅದಕ್ಕೆ ಎಷ್ಟು ಗಂಟು ಬೇಕೆಂದು ಹಿರಿಯರು ನಿರ್ಧರಿಸುತ್ತಾರೆ. ಅದು ಮನುಷ್ಯರ ಸುಳಿವೇ ಸಿಗದೆ ಇಪ್ಪತ್ತು ದಿನ ಕಳೆದರೆ ಒಂದು ಗಂಟು ಬಿಚ್ಚುತ್ತಾರೆ. ಹಗ್ಗ ನೆಟ್ಟಗಾದ ದಿನ ಗೋಡೆಯ ಆಚೆ ಬಾಗಿಲು ತೆರೆಯುತ್ತಾರೆ.

ಹಾಗಾದರೆ ನಮ್ಮಂಥವರಿಗೆ ಅಲ್ಲೇನು ಕೆಲಸ ಎಂದು ನೀವು ಕೇಳಬಹುದು. ಬಂಡೆಸಾಲಿನ ಸುತ್ತಲ ಹಳ್ಳಿಗಳು ತಮ್ಮ ಹೊಲ, ದಾರಿ, ಕೆರೆಯ ನೀರು ಬಿಟ್ಟುಕೊಟ್ಟು ಈ ಕಾಡನ್ನು ಮರಳಿ ಬೆಳೆಸಿದವು. ಅದಕ್ಕಾಗಿ ಇಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಜೀವನಕ್ಕೊಂದು ನೋಟದ ಹಕ್ಕಿದೆ. ಗೋಡೆಯಲ್ಲಿ ಅಂಗೈಯಗಲದ ಕಿಂಡಿ. ನೂರು ಉಸಿರಿನಷ್ಟು ಹೊತ್ತು ನೋಡಬಹುದು. ಆದರೆ ಎಷ್ಟು ಹೊಗೆ ಹಾಕಿಕೊಂಡರೂ ಕಿಂಡಿಯ ಹಿಂದಿನ ಮನುಷ್ಯರ ವಾಸನೆ ಒಳಗಿನ ಪ್ರಾಣಿಗೆ ತಿಳಿದೇ ತಿಳಿಯುತ್ತದೆ. ಆದ್ದರಿಂದ ನೋಡುವವರು ಒಳಗೆ ಕಾಲಿಡುವ ಮೊದಲು ಆ ಪ್ರಾಣಿಯ ಹಗ್ಗಕ್ಕೆ ತಮ್ಮ ಕೈಯಿಂದಲೇ ಒಂದು ಗಂಟು ಹಾಕಬೇಕು. ಒಂದು ನೋಟಕ್ಕೆ ಒಂದು ಗಂಟು, ಒಂದು ಗಂಟಿಗೆ ಇಪ್ಪತ್ತು ದಿನ. ಬೇಡ ಎಂದು ತಡೆಯುವ ಅಧಿಕಾರ ಹಿರಿಯರಿಗೂ ಇಲ್ಲ. ತಡೆದರೆ ಜನ ಗೋಡೆ ಹಾರುತ್ತಾರೆ, ತಾವೇ ಬೇಡವೆಂದವರು ಗೋಡೆ ಕಾಯುತ್ತಾರೆ ಎಂಬುದು ಇದನ್ನು ಕಟ್ಟಿದವರ ನಂಬಿಕೆ. ಸರದಿ ಬಂದಾಗ ಬೇಡ ಎಂದರೆ ಹೆಸರು ಸಾಲಿನ ಕೊನೆಗೆ ಹೋಗುತ್ತದೆ. ಸಾಲು ಈಗ ಮೂವತ್ತು ವರ್ಷ ಉದ್ದವಿದೆ.

ನಾನು ಹುಟ್ಟಿದಾಗಲೇ ಹೆಸರು ಬರೆಸಿದ್ದರು, ಆಗ ಸಾಲು ಇಷ್ಟು ಉದ್ದವಿರಲಿಲ್ಲ; ನನ್ನ ಸರದಿ ಬಂದದ್ದು ಈ ಬೇಸಿಗೆಯಲ್ಲಿ. ಮರುಕಾಡಿನಲ್ಲಿ ಈಗಿರುವುದು ಒಂದೇ ಕರಡಿ, ಎರಡು ವರ್ಷ ದಾಟಿದ ಹೆಣ್ಣು ಮರಿ. ಅದನ್ನು ಸಾಕಿದವಳು ನನ್ನ ಚಿಕ್ಕಮ್ಮನ ಮಗಳು ಹೊನ್ನೂರಿ.

ಇಲ್ಲಿಂದ ಬರೆಯುವುದು ಕಷ್ಟ. ಹೊನ್ನೂರಿ ನನಗಿಂತ ಎಂಟು ತಿಂಗಳು ದೊಡ್ಡವಳು. ಒಂದೇ ತೊಟ್ಟಿಲಲ್ಲಿ, ಒಂದೇ ಅಜ್ಜಿಯ ಕೈಯಲ್ಲಿ ಬೆಳೆದವರು ನಾವು. ಅವಳು ಶಾಲೆಯಲ್ಲಿ ಕನ್ನಡದಲ್ಲೇ ಎರಡು ಸಲ ನಪಾಸಾದಳು, ನಾನು ಅವಳ ಮನೆಪಾಠ ಬರೆದುಕೊಡುತ್ತಿದ್ದೆ. ಆಮೇಲೆ ಅವಳು ಮರೆಗಾರ್ತಿಯಾಗಿ ಆಯ್ಕೆಯಾದಳು. ಮರೆಗಾರರೆಂದರೆ ಮರುಕಾಡಿನೊಳಗೆ ಇದ್ದೂ ಇಲ್ಲದಂತೆ ಇರುವವರು. ಹುತ್ತದ ಮಣ್ಣು ಮೆತ್ತಿದ ಕರಿ ಕಂಬಳಿ ಹೊದ್ದು, ಮೊಣಕಾಲು ಮೊಣಕೈ ಊರಿ ನಡೆದು, ಮರಿಗೆ ಹುತ್ತ ಬಗೆಯುವುದು, ಜೇನು ಹುಡುಕುವುದು ತೋರಿಸಿಕೊಡುತ್ತಾರೆ. ಒಳಗೆ ಒಂದು ಮಾತೂ ಆಡುವಂತಿಲ್ಲ. ಪ್ರಾಣಿಗೆ ಹೆಸರಿಡುವಂತಿಲ್ಲ, ಹೆಸರಿಟ್ಟವರು ಒಂದಲ್ಲ ಒಂದು ದಿನ ಕರೆದುಬಿಡುತ್ತಾರೆ. ಹೊನ್ನೂರಿ ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದಳು. ಮೊಣಕೈಯ ಕೆಳಗೆ ಉಗುರಿನ ಮೂರು ಗೆರೆ. ಎಲ್ಲರೂ ಅವಳ ಸುತ್ತ ಕೂರುತ್ತಿದ್ದರು, ಊಟಕ್ಕೆ ಮೊದಲು ಅವಳಿಗೇ ಬಡಿಸುತ್ತಿದ್ದರು. ನಾನು ಬಾಗಿಲ ಬಳಿ ನಿಂತು ಆ ಮೂರು ಗೆರೆಗಳನ್ನು ನೋಡುತ್ತಿದ್ದೆ. ಒಂದು ಸಲ ಬಚ್ಚಲಿನಲ್ಲಿ ನನ್ನ ಕೈಗೆ ನಾನೇ ಬಾಚಣಿಗೆಯಿಂದ ಗೀರಿಕೊಂಡೆ. ನಾಚಿಕೆಯ ಸಂಗತಿ. ನೀವು ಯಾರಿಗೂ ಹೇಳಲಾರಿರಿ ಎಂದು ಬರೆಯುತ್ತಿದ್ದೇನೆ.

ಧೈರ್ಯ ಮಾಡಿ ಒಮ್ಮೆ ಕೇಳಿದೆ, ಅದು ಹೇಗಿದೆ ಎಂದು. ಅವಳು ರೊಟ್ಟಿ ಮುರಿಯುತ್ತ, "ಕರಡಿ ಕರಡಿ ಇದ್ದಂಗೈತವ್ವ, ಮತ್ತೇನ್ ಹೇಳ್ಲಿ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪ್ರತಿದಿನ ಕರಡಿ ನೋಡುವವಳಿಗೆ ಅದನ್ನು ಹೇಳಲು ಬರುವುದಿಲ್ಲ, ಹೇಳಲು ಬರುವವಳಿಗೆ ಕರಡಿ ಇಲ್ಲ. ಆ ರಾತ್ರಿಯೆಲ್ಲ ನನಗೆ ಅದೇ ಅನ್ಯಾಯವೆನಿಸಿತು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮರಿ ಬಂದ ಮೊದಲ ವರ್ಷ, ಅದು ಎರಡು ದಿನ ಏನೂ ತಿನ್ನದೆ ಮೂಲೆಯಲ್ಲಿ ಮಲಗಿದ್ದಾಗ, ಹೊನ್ನೂರಿ ಅದರ ಪಕ್ಕ ಕುಳಿತು ಗುನುಗಿಬಿಟ್ಟಳು. ಮಾತಿಲ್ಲದ ಬರೀ ದನಿ. ನಮ್ಮ ಅಜ್ಜಿ ತೊಟ್ಟಿಲು ತೂಗುವಾಗ ಗುನುಗುತ್ತಿದ್ದ ದನಿ ಅದು. ಮರಿ ಎದ್ದು ತಿಂದಿತು. ಹೊನ್ನೂರಿ ಸಂಜೆ ತಾನೇ ಹಿರಿಯರ ಮುಂದೆ ಹೋಗಿ ತಪ್ಪೊಪ್ಪಿಕೊಂಡಳು. ಮರೆಗಾರರ ದನಿ ಕೇಳಿಸಿದರೆ ಒಂಬತ್ತು ಗಂಟು, ಅದನ್ನು ತಪ್ಪು ಮಾಡಿದವರೇ ಹಾಕಬೇಕು. ಎರಡನೆಯ ಸಲ ತಪ್ಪಿದರೆ ಕೆಲಸದಿಂದ ಹೊರಗೆ. ಅವಳ ಪ್ರಾಮಾಣಿಕತೆಯನ್ನು ಊರೆಲ್ಲ ಹೊಗಳಿತು. ಮನೆಯವರೆಂದು ನಮ್ಮನ್ನೂ ಅಂದು ಬಾಗಿಲವರೆಗೆ ಕರೆದಿದ್ದರು. ಅವಳು ಒಂದೊಂದೇ ಗಂಟು ಹಾಕುವುದನ್ನು ನಾನು ಹಿಂದೆ ನಿಂತು ನೋಡಿದೆ. ತಪ್ಪು ಮಾಡಿದವರ ಮುಖ ಹಾಗಿರುವುದಿಲ್ಲ. ಒಂಬತ್ತು ಗಂಟೆಂದರೆ ಆರು ತಿಂಗಳು. ಅವಳಿಗೆ ಆರು ತಿಂಗಳು ಕರಡಿ ಹೆಚ್ಚು ಸಿಕ್ಕಿತ್ತು. ಅದು ಬೇರೆ ಯಾರಿಗೂ ಕಾಣಲಿಲ್ಲ. ಅಜ್ಜಿಯ ದನಿಯಲ್ಲಿ ಅರ್ಧ ನನ್ನದಾಗಿತ್ತು, ನನ್ನನ್ನು ಕೇಳದೆ ಅದನ್ನು ಕರಡಿಗೆ ಕೊಟ್ಟಳು ಎಂಬುದೂ ಬೇರೆ ಯಾರಿಗೂ ತೋಚಲಿಲ್ಲ.

ಈಗ ಆ ಹಗ್ಗದಲ್ಲಿ ಉಳಿದಿರುವುದು ಕೊನೆಯ ಗಂಟು. ಅದನ್ನು ಬಿಚ್ಚಲು ಇನ್ನು ಇಪ್ಪತ್ತು ದಿನ. ಮೊದಲ ಮಳೆಗೆ ಇಪ್ಪತ್ತೈದು ದಿನ ಎಂದು ಹುಲಿಗೆಪ್ಪಜ್ಜ ಅಂದಾಜು ಹಾಕುತ್ತಾರೆ. ಮಳೆಗೆ ಮೊದಲು ಬಿಟ್ಟರೆ ಮರಿಗೆ ಗುಡ್ಡದ ದಾರಿ ತಿಳಿಯುತ್ತದೆ, ಮಳೆ ಬಿದ್ದೊಡನೆ ಗೆದ್ದಲು ಏಳುತ್ತದೆ, ಹೊಟ್ಟೆಗೆ ಕೊರತೆಯಿಲ್ಲ. ಮಳೆ ಶುರುವಾದ ಮೇಲೆ ಯಾವ ಮರಿಯನ್ನೂ ಬಿಡುವುದಿಲ್ಲ, ಮುಂದಿನ ವರ್ಷವೇ. ಮುಂದಿನ ವರ್ಷಕ್ಕೆ ಇದು ಮೂರು ದಾಟಿರುತ್ತದೆ. ಮೂರು ದಾಟಿದವನ್ನು ಉಳಿದವರ ಅಂಗಳಕ್ಕೆ ಕಳಿಸುತ್ತಾರೆ. ಅದು ದೊಡ್ಡ ಗೋಡೆಯ, ಒಳ್ಳೆಯ ನೆರಳಿನ ಜಾಗ. ಅಲ್ಲಿಂದ ಯಾವುದೂ ಹೊರಗೆ ಹೋಗುವುದಿಲ್ಲ.

ನಮ್ಮ ಗುಂಪಿನ ಉಳಿದ ಹತ್ತು ಜನ ಮೊದಲ ದಿನವೇ ತಮ್ಮ ನೋಟವನ್ನು ಸಾಲಿನ ಕೊನೆಗೆ ಹಾಕಿಸಿಕೊಂಡರು. ನನ್ನ ಪಕ್ಕ ಕೂತ ವಿರೂಪಮ್ಮ ಎಂಬ ಹೆಂಗಸು, "ಮಳಿ ಮುಂದ ಇಟ್ಕೊಂಡು ಯಾರವ್ವ ಗಂಟ್ ಹಾಕ್ತಾರ? ಮಕ್ಕಳೊಂದಿಗರು ನಾವು" ಎಂದರು. ಅರವತ್ತೆಂಟು ವರ್ಷ ಅವರಿಗೆ. ಮೂವತ್ತು ವರ್ಷದ ಸಾಲಿನ ಕೊನೆ ಎಂದರೇನೆಂದು ಅವರಿಗೆ ಗೊತ್ತಿತ್ತು. ಹಾಗಿದ್ದೂ ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡು ಆರಾಮಾಗಿ ಕೂತರು. ನನಗೆ ಅವರ ಮೇಲೂ ಹೊಟ್ಟೆಕಿಚ್ಚಾಯಿತು. ನನ್ನ ಸರದಿ ಬಂದಾಗ ಕೊನೆಯ ದಿನ ಹೇಳುತ್ತೇನೆ ಎಂದೆ.

ನಿನ್ನೆ ಸಂಜೆ ಹುಲಿಗೆಪ್ಪಜ್ಜ ನನ್ನ ಕೈಗೊಂದು ಚೀಟಿ ಕೊಟ್ಟರು. ಹೊನ್ನೂರಿಯ ಅಕ್ಷರ, ಈಗಲೂ ಒತ್ತಕ್ಷರ ತಪ್ಪು. "ಪಂಪಿ, ನೀ ಬಾ. ಒಂದ್ ಸಲ ನೋಡು. ಮುಂದ ನೋಡಾಕ ಸಿಗಂಗಿಲ್ಲ. ಒಂದು ಗಂಟಿಗೆ ಏನೂ ಆಗಂಗಿಲ್ಲ." ಓದಿ ಮೊದಲು ಕಣ್ಣು ತುಂಬಿತು. ನನ್ನ ಆಸೆ ಅವಳಿಗೆ ಗೊತ್ತಿತ್ತಲ್ಲ ಎಂದು. ಆಮೇಲೆ ಕೊನೆಯ ಸಾಲನ್ನು ಮತ್ತೆ ಓದಿದೆ. ಒಂದು ಗಂಟಿಗೆ ಏನಾಗುತ್ತದೆ ಎಂದು ಈ ಗುಡ್ಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳು.

ಹುಲಿಗೆಪ್ಪಜ್ಜ ಗಂಜಿಯ ಬಟ್ಟಲು ತೊಳೆಯುತ್ತ ನನ್ನನ್ನೇ ನೋಡುತ್ತಿದ್ದಾರೆ. "ಏನ್ ಬರೀತಿ ಅಷ್ಟು?" ಎಂದರು ಈಗಷ್ಟೇ. ನಮ್ಮ ಹಿರಿಯರಿಗೆ ಪತ್ರ ಎಂದೆ. "ಅವರು ಏನ್ ಅಂತಾರ, ಹೋಗು ಅಂತಾರೋ ಬ್ಯಾಡ ಅಂತಾರೋ?" ಎಂದರು. ಅವರು ಹೇಳಿಲ್ಲ ಅಜ್ಜಾ ಎಂದೆ. "ಹಿರಿಯರ ಹಣೆಬರಾನ ಇಷ್ಟು" ಎಂದು ಬಟ್ಟಲು ಕವುಚಿಟ್ಟು ಹೋದರು.

ಗಂಟೆ ಹೊಡೆಯಿತು. ಏಳುತ್ತೇನೆ.

ಅದೇ ದಿನ, ಇಳಿಹೊತ್ತು

ನಾನು ಬಾಗಿಲವರೆಗೆ ಹೋದೆ. ಹುಲಿಗೆಪ್ಪಜ್ಜ ಅರ್ಧ ದಾರಿಯಲ್ಲೇ ನಿಂತು, ಅಲ್ಲಿಂದ ಮುಂದೆ ಒಬ್ಬರೇ ಹೋಗಬೇಕು ಎಂದು ಕೈ ತೋರಿಸಿದರು. ಗೋಡೆಯ ಕಲ್ಲು ಬಿಸಿಯಾಗಿತ್ತು. ಬಾಗಿಲ ಪಕ್ಕದ ಗೂಟದಲ್ಲಿ ಹಗ್ಗ ತೂಗುತ್ತಿತ್ತು. ಹಿಂದಿನ ಗಂಟುಗಳನ್ನು ಬಿಚ್ಚಿದ ಕಡೆಯೆಲ್ಲ ಕತ್ತಾಳೆ ನಾರು ಸೊಟ್ಟಗಾಗಿ ಉಳಿದಿತ್ತು. ತುದಿಯಲ್ಲಿ ಒಂದೇ ಒಂದು ಗಂಟು, ಬೋರೆಹಣ್ಣಿನಷ್ಟು.

ಹೊನ್ನೂರಿ ಬಾಗಿಲ ಹೊರಗೆ ಕಂಬಳಿ ಹೊದ್ದು ಕುಳಿತಿದ್ದಳು. ನನ್ನನ್ನು ಕಂಡು ಎದ್ದಳು. ಹತ್ತಿರದಿಂದ ಅವಳ ಮೈಯಲ್ಲಿ ಮನುಷ್ಯರ ವಾಸನೆಯೇ ಇರಲಿಲ್ಲ. ಅದಕ್ಕೂ ನನಗೆ ಸಂಕಟವಾಯಿತು.

"ಬಂದ್ಯಲ್ಲ, ಸಾಕು" ಎಂದಳು ಉಸಿರುಮಾತಿನಲ್ಲಿ. "ತಡ ಮಾಡಬ್ಯಾಡ, ಹಗ್ಗ ಹಿಡಿ."

ನಾನು ಹಗ್ಗ ಹಿಡಿದೆ. "ಕೊನೇ ಗಂಟು ಅಲ್ಲೇನ ಇದು?"

"ಒಂದಕ್ಕ ಏನಾಕ್ಕತಿ? ಸಣ್ಣಾಕಿ ಇದ್ದಾಗಿಂದ ಕರಡಿ ಕರಡಿ ಅಂತ ಜೀವ ಬಿಡ್ತಿ. ನೋಡಿ ಹೋಗು."

"ಮಳಿಗೆ ಇಪ್ಪತ್ತೈದು ದಿನ ಐತಂತ."

ಅವಳು ಬಾಗಿಲ ಚಿಲಕದ ಮೇಲಿನ ಧೂಳನ್ನು ಬೆರಳಿಂದ ಒರೆಸಿದಳು. ಮನೆಯಲ್ಲಿ ಬೆಲ್ಲ ಕದ್ದು ಸಿಕ್ಕಿಬಿದ್ದಾಗಲೂ ಹೀಗೆಯೇ ಏನಾದರೂ ಒರೆಸುತ್ತಿದ್ದಳು.

"ಹೊನ್ನೂರಿ," ಎಂದೆ, "ನನಗ ತೋರಸಾಕ ಕರದೀಯೋ, ಅದನ್ನ ಇಟ್ಕೊಳ್ಳಾಕ ಕರದೀಯೋ?"

"ಎರಡಕ್ಕೂ" ಎಂದಳು. ಸುಳ್ಳು ಹೇಳಲು ಅವಳಿಗೆ ಎಂದೂ ಬಂದಿಲ್ಲ. ಆಮೇಲೆ ಗೋಡೆಗೊರಗಿ ಕುಳಿತು, ನಾನು ಕೇಳದಿದ್ದರೂ ಹೇಳಿದಳು. "ಅದು ನನ್ನ ನೋಡೋದು ಬಿಟ್ಟೈತಿ ಪಂಪಿ. ಮೂರು ತಿಂಗಳಾತು. ಅಲ್ಲೇ ಕುಂತಿರ್ತೀನಿ, ಕಲ್ಲು ಅಂತ ತಿಳಕೊಂಡು ದಾಟಿ ಹೋಗತೈತಿ. ಮೊನ್ನಿ ನನ್ನ ಬೆನ್ನಿಗೆ ಮೈ ತಿಕ್ಕಿ ಹೋತು, ಕಲ್ಲಿಗೆ ತಿಕ್ಕಿದಂಗ. ಹಿರಿಯರು ಭೇಷ್ ಅಂದ್ರು. ಚಲೋ ಕೆಲಸ ಮಾಡೀಯವ್ವ ಅಂದ್ರು."

ಅವಳ ಕಂಬಳಿ ಅಲ್ಲಾಡುತ್ತಿತ್ತು. ಅಳುವಾಗಲೂ ಸದ್ದು ಮಾಡದಿರಲು ಅವಳು ಕಲಿತಿದ್ದಳು.

ಆಗ ನನಗೆ ಕನಿಕರ ಹುಟ್ಟಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನನಗೆ ಅನಿಸಿದ್ದನ್ನೇ ಬರೆಯುತ್ತೇನೆ. ಕರಡಿಯೊಂದು ನನ್ನನ್ನು ಕಲ್ಲೆಂದುಕೊಂಡು ನನ್ನ ಬೆನ್ನಿಗೆ ಮೈ ತಿಕ್ಕಿ ಹೋಗಿದ್ದರೆ, ಆ ಸುಖವನ್ನು ಸಾಯುವವರೆಗೂ ನೆನೆಯುತ್ತಿದ್ದೆ ಎಂದುಕೊಂಡೆ. ಅವಳ ದುಃಖದ ಮೇಲೂ ನನಗೆ ಹೊಟ್ಟೆಕಿಚ್ಚು. ಹಗ್ಗ ಇನ್ನೂ ನನ್ನ ಕೈಯಲ್ಲಿತ್ತು. ಒಂದು ಸುತ್ತು ಹಾಕಿ ಎಳೆದರೆ ನೂರು ಉಸಿರು ಆ ಕರಡಿ ನನ್ನದು. ಎದೆಯ ಗುರುತು ಲಾಳವೋ ಕುಡುಗೋಲೋ ತಿಳಿದುಹೋಗುತ್ತಿತ್ತು. ನಾನು ನಿಜವಾಗಿ ಒಂದು ಸುತ್ತು ಹಾಕಿದೆ. ಆ ಸುತ್ತಿನೊಳಗೆ ಬೆರಳಿಟ್ಟು ನಿಂತಾಗ ಕಾಣಿಸಿದ್ದು ಇಷ್ಟು: ನೂರು ಉಸಿರಾದ ಮೇಲೆ ನಾನು ಬಂಡಿ ಹತ್ತಿ ಊರಿಗೆ ಹೋಗುತ್ತೇನೆ, ಕರಡಿ ಉಳಿದವರ ಅಂಗಳಕ್ಕೆ ಹೋಗುತ್ತದೆ, ಅದರ ಹಿಂದೆ ಹೊನ್ನೂರಿಯೂ ಹೋಗುತ್ತಾಳೆ. ಅಂಗಳದಲ್ಲಿ ಗುನುಗಲು ಅಡ್ಡಿಯಿಲ್ಲ. ಅಜ್ಜಿಯ ದನಿಯನ್ನು ಅವಳು ದಿನಾ ಅದಕ್ಕೆ ಕೇಳಿಸುತ್ತಾಳೆ, ಅದು ತಲೆಯೆತ್ತಿ ಅವಳನ್ನು ನೋಡುತ್ತದೆ. ಇಪ್ಪತ್ತು, ಮೂವತ್ತು ವರ್ಷ.

ಅದನ್ನು ಅವಳಿಗೆ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ಒಳ್ಳೆಯತನದಿಂದ ಹಗ್ಗ ಬಿಟ್ಟೆ ಎಂದು ಮುಂದೆ ಮನೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಸಿಗದ್ದು ಅವಳಿಗೂ ಬೇಡ, ಗುಡ್ಡಕ್ಕೆ ಹೋಗಲಿ ಎಂದುಕೊಂಡು ಬಿಟ್ಟೆ. ಸುತ್ತು ತಾನೇ ಬಿಚ್ಚಿಕೊಂಡು ಹಗ್ಗ ಮೊದಲಿನಂತೆ ತೂಗಿತು. ಕರಡಿಗೆ ಕಾರಣ ಯಾವುದಾದರೇನು.

"ಹಾಕಲಿಲ್ಲೇನು?" ಎಂದಳು ಹೊನ್ನೂರಿ.

"ಇಲ್ಲ."

"ಮೂವತ್ತು ವರ್ಷ ಕಾಯ್ಬೇಕಾಕ್ಕತಿ ಮತ್ತ."

"ಗೊತ್ತೈತಿ."

ಅವಳು ನನ್ನ ಮೇಲೆ ಸಿಟ್ಟಾಗುತ್ತಾಳೆಂದು ಕಾದೆ. ಅವಳು ಕಂಬಳಿಯ ಒಂದು ತುದಿಯನ್ನು ಎತ್ತಿ ಹಿಡಿದಳು, ಚಿಕ್ಕಂದಿನಲ್ಲಿ ಚಳಿಗೆ ಹಿಡಿಯುತ್ತಿದ್ದಂತೆ. ನಾನು ಒಳಸೇರಿ ಕುಳಿತೆ. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕಂಬಳಿ ಎಳೆದುಕೊಂಡೆವು. ಗಾಳಿ ಗೋಡೆಯ ಒಳಗಿನಿಂದ ನಮ್ಮ ಕಡೆಗೆ ಬೀಸುತ್ತಿತ್ತು. ಆಮೇಲೆ ಗೋಡೆಯ ಆಚೆ, ನಮಗೆ ಬಹಳ ಹತ್ತಿರದಲ್ಲೇ, ಸಪ್ಪಳ ಶುರುವಾಯಿತು.

ಹೊನ್ನೂರಿ ನನ್ನ ಮಣಿಕಟ್ಟು ಹಿಡಿದಳು. "ಅದ," ಎಂದಳು, "ಹುತ್ತ ಹೀರಾಕ ಹತ್ತೈತಿ."

ನೋಡುವುದಕ್ಕೆ ಗಂಟಿದೆ, ಕೇಳುವುದಕ್ಕೆ ಇಲ್ಲ. ಇಷ್ಟು ವರ್ಷ ಈ ನಿಯಮಗಳನ್ನು ಓದಿದ ನನಗೆ ಅದು ಹೊಳೆದಿರಲಿಲ್ಲ. ನಾವು ಆ ಸಪ್ಪಳ ನಿಲ್ಲುವವರೆಗೂ ಕುಳಿತಿದ್ದೆವು. ಅದು ಸಣ್ಣಗಾಗುತ್ತ ಹೋಗಿ ನಿಂತಿತು. ಅವಳು ನನಗಿಂತ ಸ್ವಲ್ಪ ಹೆಚ್ಚು ಹೊತ್ತು ಕೇಳಿದಳು, ಅವಳ ಕಿವಿ ಚುರುಕು. ಆ ಸ್ವಲ್ಪ ಹೊತ್ತು ನಾನು ಅವಳ ಮುಖವನ್ನೇ ನೋಡುತ್ತ ಕುಳಿತಿದ್ದೆ.

ಈಗ ಬಂಡಿ ಹೊರಡುವ ಹೊತ್ತು. ವಿರೂಪಮ್ಮನವರು ನನಗಾಗಿ ಕೊಬ್ಬರಿ ಚೂರು ಎತ್ತಿಟ್ಟಿದ್ದಾರಂತೆ. ನಿಮ್ಮ ಐದು ಹಾಳೆಗಳಲ್ಲಿ ನಾಲ್ಕು ತುಂಬಿದವು. ಐದನೆಯದನ್ನು ನಿಮಗೇ ಬಿಡುತ್ತೇನೆ. ಈ ಪತ್ರ ನಿಮ್ಮ ಕಾಲಕ್ಕೆ ತಲುಪುವ ದಾರಿ ಯಾವುದೂ ಇಲ್ಲವೆಂದು ಗೊತ್ತು. ಆದರೂ ಒಂದು ಕೋರಿಕೆ. ಅಂದು ಐದು ಗಂಟೆಯೊಳಗೆ ನೀವು ಆ ಗೇಟು ದಾಟಿದಿರೋ, ಕೊಟ್ರೇಶಪ್ಪನವರ ಮಾತು ಕೇಳಿ ಮನೆಗೆ ಹೋದಿರೋ, ಒಂದು ಸಾಲು ಬರೆದಿಡಿ. ಹೋಗಲಿಲ್ಲವೆಂದರೆ ನಾವಿಬ್ಬರೂ ಒಂದೇ. ಹೋಗಿದ್ದರೆ, ಹೋದೆ ಎಂದಷ್ಟೇ ಬರೆಯಿರಿ. ಹತ್ತಿರದಿಂದ ಹೇಗಿತ್ತು ಎಂದು ಮಾತ್ರ ಬರೆಯಬೇಡಿ, ನನ್ನಿಂದ ತಡೆಯಲಾಗದು.

ನೀವು ಗೋಪುರದ ಮೇಲಿದ್ದಿರಿ, ನಿಮ್ಮ ಏಳು ಕರಡಿಗಳೂ ದೂರ ಇದ್ದವು ಎಂದು ನೀವೇ ಬರೆದಿದ್ದೀರಿ. ಆ ಸಪ್ಪಳ ನಿಮಗೆ ಕೇಳಿಸಿರಲಿಕ್ಕಿಲ್ಲ. ನಾನು ಅದನ್ನು ಗೋಡೆಯ ಈಚೆ, ಹನ್ನೆರಡು ಹೆಜ್ಜೆ ದೂರದಿಂದ, ಒಂದು ಹುತ್ತ ಮುಗಿಯುವಷ್ಟು ಹೊತ್ತು ಕೇಳಿದ್ದೇನೆ. ಇನ್ನೂರ ಹದಿನಾಲ್ಕು ವರ್ಣನೆ ಓದಿದವಳು ನಾನು, ಅದಕ್ಕೆ ಸರಿಯಾದ ಮಾತು ಇಲ್ಲಿ ಕೂರುವಷ್ಟರಲ್ಲೇ ಸಿಕ್ಕಿದೆ.

ಆದರೆ ನಿಮಗೆ ಹೇಳುವುದಿಲ್ಲ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ಪಂಪಾವತಿ